ಸಾಕುನಾಯಿಯ ಮಿತಾಹಾರ



ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರುಂಟು. ಕ್ರಿ. ಶ. 10ನೆಯ ಶತಮಾನದ ನಡುವಿನಲ್ಲಿ ಅಲ್ಲಿ ಒಂದು ವೀರಗಲ್ಲನ್ನು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ವೀರನಾದ ಮಣಲೆರನು ತಕ್ಕೋಲದ ಕಾಳಗದಲ್ಲಿ ಮೆರೆದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಕೇಳೆಂದಾಗ, ಮಣಲೆರನು ಕೇಳಿದುದು ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿಯು ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿಯನ್ನು ದತ್ತಿಬಿಟ್ಟರು. ನಾಯಿಯನ್ನು ನಮ್ಮ ನಾಡಿನವರು ಕೀಳಾಗಿಯೇ ಕಂಡರೆಂದು ಹೇಳುವವರು ಈ ಶಾಸನವನ್ನು ಒಮ್ಮೆ ಓದಬೇಕು.

ಕಾಳಿಯ ಕಾಲದ ನಾಯಿಗಳು ತಮ್ಮ ಅನ್ನವನ್ನು ದುಡಿದು ತಿನ್ನುತ್ತಿದ್ದವು. ಬೇಟೆಯಾಡುವುದು, ಕುರಿಯ ಮಂದೆಯನ್ನು ಕಾಯುವುದು, ರಾತ್ರಿಯೆಲ್ಲ ಕಣದ ಸುತ್ತ ತಿರುಗುವುದು ಅವುಗಳ ಉದ್ಯೋಗವಾಗಿತ್ತು. ಇಂದು ಪಟ್ಟಣದ ಮನೆಗಳಲ್ಲಿರುವ ನಾಯಿಗೆ ಅಂತಹ ಉದ್ಯೋಗವಿಲ್ಲ. ಅದು ಬಾಗಿಲಲ್ಲಿ ಎರಡು ಸಲ ಬೊಗಳಿ, ಸೋಫಾದ ಮೇಲೆ ಮಲಗಿ, ಮನೆಯವರು ಬಂದಾಗ ಬಾಲವಾಡಿಸಿದರೆ ಅದರ ದಿನಚರಿ ಮುಗಿಯಿತು. ಇದು ನಾಯಿಯ ತಪ್ಪಲ್ಲ. ನಾವೇ ಅದನ್ನು ಹಾಗೆ ಇರಿಸಿದ್ದೇವೆ. ಆದರೆ ಕೆಲಸವನ್ನು ಕಡಮೆಮಾಡಿದ ನಾವು ತಟ್ಟೆಯನ್ನು ಮಾತ್ರ ಕಡಮೆಮಾಡಲಿಲ್ಲ. ಬದಲಾಗಿ ಇನ್ನಷ್ಟು ತುಂಬಿದೆವು. ಇದರ ಪರಿಣಾಮವೇನು, ಇದಕ್ಕೆ ಪರಿಹಾರವೇನು ಎಂಬುದೇ ಈ ಹೊತ್ತು ನಾವು ವಿಚಾರಮಾಡಬೇಕೆಂದಿರುವ ವಿಷಯ.

"ನಾಯಿ ದುಂಡಗಿದ್ದರೆ ತಾನೆ ಚೆಂದ?" ಎಂದು ಕೇಳುವವರು ಬಹಳ ಮಂದಿ. ಮೈ ತುಂಬಿದ ಮಗುವನ್ನೂ ದಪ್ಪನಾದ ನಾಯಿಯನ್ನೂ ಮನೆಯ ಸಮೃದ್ಧಿಯ ಗುರುತೆಂದು ಎಣಿಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಬರಗಾಲಗಳನ್ನು ಕಂಡ ನಾಡಿಗೆ ಇದು ಸಹಜವೇ. ಆದರೆ ಪ್ರಮಾಣವನ್ನು ಸ್ವಲ್ಪ ಲೆಕ್ಕಹಾಕಿ ನೋಡೋಣ. 10 ಕಿಲೋಗ್ರಾಂ ತೂಗಬೇಕಾದ ನಾಯಿ 12 ಕಿಲೋಗ್ರಾಂ ತೂಗಿದರೆ "ಎರಡೇ ಕಿಲೋ ತಾನೆ" ಎನ್ನುತ್ತೇವೆ. ಅದು ನೂರಕ್ಕೆ 20ರಷ್ಟು ಹೆಚ್ಚಳ. 60 ಕಿಲೋಗ್ರಾಂ ತೂಗುವ ಮನುಷ್ಯನು 12 ಕಿಲೋಗ್ರಾಂ ಭಾರದ ಮೂಟೆಯೊಂದನ್ನು ಹಗಲಿರುಳೂ ಇಳಿಸದೆ ಹೊತ್ತು ತಿರುಗಿದರೆ ಹೇಗೋ, ಆ ನಾಯಿಯ ಪಾಡೂ ಹಾಗೆಯೇ. ಮೆಟ್ಟಿಲು ಹತ್ತುವಾಗ ಆ ಭಾರವೆಲ್ಲ ಸೊಂಟದ ಕೀಲುಗಳ ಮೇಲೆ, ಮೊಣಕಾಲಿನ ಕಟ್ಟುಗಳ ಮೇಲೆ ಬೀಳುತ್ತದೆ. ನಾಯಿಯು ನಮ್ಮಂತೆ ಮೈಯೆಲ್ಲ ಬೆವರಿ ತಣಿಯಲಾರದು. ನಾಲಗೆಯನ್ನು ಚಾಚಿ ತೇಕಿಯೇ ಅದು ಒಳಗಿನ ಕಾವನ್ನು ಹೊರದೂಡಬೇಕು. ಚರ್ಮದಡಿಯ ಕೊಬ್ಬು ಕಂಬಳಿಯಂತೆ ಆ ಕಾವನ್ನು ಒಳಗೇ ಹಿಡಿದಿಡುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ದಪ್ಪ ನಾಯಿಯ ಅವಸ್ಥೆ ಏನೆಂಬುದನ್ನು ಶ್ರೋತೃಗಳೇ ಊಹಿಸಿಕೊಳ್ಳಬಹುದು. 2003ರಲ್ಲಿ ಒಂದು ದೂರವಾಣಿ ಸಂಸ್ಥೆಯ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೇಲೆ ನಮ್ಮ ದೇಶದಲ್ಲೆಲ್ಲ ಮನೆಮಾತಾದ ಪಗ್ ಜಾತಿಯ ಚಪ್ಪಟೆ ಮೂಗಿನ ನಾಯಿಗಳಿಗಂತೂ ಉಸಿರಾಟವೇ ಮೊದಲಿನಿಂದ ಕಷ್ಟ. ಅದರ ಮೇಲೆ ಕೊಬ್ಬೂ ಸೇರಿದರೆ ಕಷ್ಟ ಇಮ್ಮಡಿಯಾಗುತ್ತದೆ.

ಇವು ಊಹೆಯ ಮಾತುಗಳಲ್ಲ. ಅಮೆರಿಕದಲ್ಲಿ ಒಂದು ಆಹಾರ ಸಂಸ್ಥೆಯ ವಿಜ್ಞಾನಿಗಳು 48 ಲ್ಯಾಬ್ರಡಾರ್ ಮರಿಗಳನ್ನು ಆರಿಸಿಕೊಂಡು, ಒಂದೇ ಸೂಲಿನ ಮರಿಗಳನ್ನು ಎರಡೆರಡಾಗಿ ಜೋಡಿಸಿ, ಅವುಗಳ ಆಯುಷ್ಯವಿಡೀ ಪರೀಕ್ಷೆಮಾಡಿದರು. ಎಲ್ಲಕ್ಕೂ ಒಂದೇ ಆಹಾರ. ಆದರೆ ಪ್ರತಿಯೊಂದು ಜೋಡಿಯಲ್ಲಿಯೂ ಒಂದು ನಾಯಿಗೆ, ತನ್ನ ಒಡಹುಟ್ಟಿದುದು ತಿನ್ನುವುದಕ್ಕಿಂತ ನೂರಕ್ಕೆ 25ರಷ್ಟು ಕಡಮೆ ಹಾಕಿದರು. ಫಲಿತಾಂಶವು 2002ರಲ್ಲಿ ಪ್ರಕಟವಾಯಿತು. ಹೆಚ್ಚು ತಿಂದ ಗುಂಪಿನ ಮಧ್ಯಮ ಆಯುಷ್ಯ 11.2 ವರ್ಷ, ಕಡಮೆ ತಿಂದ ಗುಂಪಿನದು 13 ವರ್ಷ. ವ್ಯತ್ಯಾಸ 1.8 ವರ್ಷ, ಎಂದರೆ ಹೆಚ್ಚು ಕಡಮೆ ಎರಡು ವರ್ಷ. ಅಷ್ಟೇ ಅಲ್ಲ. ಕೀಲುನೋವಿಗೆ ಔಷಧ ಬೇಕಾಗುವ ಕಾಲವೂ ತೆಳುವಾದ ನಾಯಿಗಳಲ್ಲಿ ಸುಮಾರು ಮೂರು ವರ್ಷ ತಡವಾಗಿ ಬಂದಿತು. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಹೆಚ್ಚು ತಿಂದ ಗುಂಪಿನವು ಉರುಳುವಂತೆ ಕೊಬ್ಬಿದ ನಾಯಿಗಳಾಗಿರಲಿಲ್ಲ. ಅವು ನಮ್ಮ ಬೀದಿಯ ಯಾವ ಮನೆಯಲ್ಲಾದರೂ ಕಾಣುವಂತಹ, "ಸ್ವಲ್ಪ ಮೈ ಬಂದಿದೆ" ಎನ್ನಿಸಿಕೊಳ್ಳುವಂತಹ ನಾಯಿಗಳು. ಆ ಸ್ವಲ್ಪ ಮೈಯ ಬೆಲೆಯೇ ಎರಡು ವರ್ಷ.

ಒಂದು ಜಾತಿಯ 48 ನಾಯಿಗಳಿಂದ ಎಲ್ಲ ನಾಯಿಗಳ ವಿಷಯವನ್ನೂ ತೀರ್ಮಾನಿಸಬಹುದೆ ಎಂದು ಕೇಳುವುದು ನ್ಯಾಯವೇ. ಅದಕ್ಕೂ ಉತ್ತರವಿದೆ. 2019ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಲ್ಲಿ, ಅಮೆರಿಕದ ಪಶುವೈದ್ಯಶಾಲೆಗಳ ದಾಖಲೆಗಳಿಂದ 12 ಜಾತಿಗಳ 50,000ಕ್ಕೂ ಮೀರಿದ ಸಾಕುನಾಯಿಗಳ ವೃತ್ತಾಂತವನ್ನು ಪರಿಶೀಲಿಸಿದರು. ಮಧ್ಯವಯಸ್ಸಿನಲ್ಲಿ ಅತಿತೂಕವಿದ್ದ ನಾಯಿಗಳು ಹನ್ನೆರಡು ಜಾತಿಗಳಲ್ಲಿಯೂ ಬೇಗ ಸತ್ತುವು. ಜರ್ಮನ್ ಷೆಪರ್ಡ್ ಗಂಡುಗಳಲ್ಲಿ ವ್ಯತ್ಯಾಸ ಸುಮಾರು ಐದು ತಿಂಗಳು; ಪುಟ್ಟ ಯಾರ್ಕ್‌ಷೈರ್ ಟೆರಿಯರ್ ಗಂಡುಗಳಲ್ಲಿ ಸುಮಾರು ಎರಡೂವರೆ ವರ್ಷ. ಹೀಗೆ ಅಳತೆ ಜಾತಿಯಿಂದ ಜಾತಿಗೆ ಬೇರೆಯಾದರೂ ದಿಕ್ಕು ಮಾತ್ರ ಒಂದೇ.

ಹಾಗಾದರೆ ನಾಯಿ ಏಕೆ ದಪ್ಪವಾಗುತ್ತದೆ? ಕಾರಣಗಳಲ್ಲಿ ಕೆಲವು ನಾಯಿಯಲ್ಲಿಯೇ ಇವೆ. ನಾಯಿಯ ಮೂಲ ತೋಳ. ತೋಳವು ಸಿಕ್ಕಿದ ದಿನ ಹೊಟ್ಟೆ ಬಿರಿಯೆ ತಿಂದು, ಸಿಗದ ದಿನ ಉಪವಾಸವಿರಬೇಕಾದ ಪ್ರಾಣಿ. ಆ ಹೊಟ್ಟೆಬಾಕತನ ನಾಯಿಗೆ ಬಂದ ಪಿತ್ರಾರ್ಜಿತ. ಮನುಷ್ಯನ ಒಡನಾಟದಲ್ಲಿ ಅದು ಅನ್ನ ಗಂಜಿಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನೂ ಪಡೆಯಿತು. ಪಿಷ್ಟವನ್ನು ಅರಗಿಸುವ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚಾಗಿವೆಯೆಂದು 2013ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಕೆಲವು ಜಾತಿಗಳಲ್ಲಿ ಹಸಿವೇ ಹೆಚ್ಚು. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಸಂಶೋಧಕರು, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್ ನಾಯಿಯಲ್ಲಿ, ಹಸಿವನ್ನು ತಣಿಸುವ ಸಂದೇಶಕ್ಕೆ ಸಂಬಂಧಿಸಿದ ಒಂದು ವಂಶವಾಹಿಯ ತುಣುಕು ಕಡಿದುಹೋಗಿರುವುದನ್ನು ಕಂಡುಹಿಡಿದರು. ಅಂತಹ ನಾಯಿಗೆ ಆಹಾರದ ಮೇಲಿನ ಆಸೆ ಇತರ ನಾಯಿಗಳಿಗಿಂತ ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಮೇಲೆ ನಾಯಿಗೆ ಬೇಕಾಗುವ ಆಹಾರದ ಪ್ರಮಾಣ ಇಳಿಯುತ್ತದೆ, ಹಸಿವು ಮಾತ್ರ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಯು ಒಳ್ಳೆಯದೇ, ಆದರೆ ಆ ದಿನದಿಂದ ತಟ್ಟೆಯನ್ನೂ ಸ್ವಲ್ಪ ಕಿರಿದುಮಾಡಬೇಕೆಂಬುದನ್ನು ಮರೆಯಬಾರದು.

ಇನ್ನೊಂದು ಕಾರಣ ನಾಯಿಯ ಕಣ್ಣು. ನಾವು ಊಟಕ್ಕೆ ಕುಳಿತೊಡನೆ ಎದುರಿಗೆ ಬಂದು ಕುಳಿತು, ಜನ್ಮಾಂತರದ ಹಸಿವನ್ನೆಲ್ಲ ಕಣ್ಣಿನಲ್ಲಿ ತುಂಬಿಕೊಂಡು ನೋಡುವ ಆ ನೋಟಕ್ಕೆ ಕರಗದವರು ಯಾರು? ಆದರೆ ಆ ನೋಟವು ಹಸಿವಿನ ಗುರುತೇ ಆಗಿರಬೇಕಾಗಿಲ್ಲ. ಜೀರ್ಣಾಂಗಗಳ ವಿಷಯದಲ್ಲಿ ಮಾಡಿದ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ರಷ್ಯದ ಪಾವ್‌ಲಾವ್ ಮಹಾಶಯನು ನಾಯಿಗಳಲ್ಲಿಯೇ ಇದನ್ನು ಕಂಡುಕೊಂಡನು. ಆಹಾರದೊಡನೆ ಯಾವ ಸೂಚನೆ ನಿತ್ಯವೂ ಕೂಡಿ ಬರುವುದೋ, ಆ ಸೂಚನೆ ಮಾತ್ರದಿಂದಲೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ನಮ್ಮ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಸದ್ದೇ ಆ ಸೂಚನೆ. ಒಮ್ಮೆ ಬೇಡಿದಾಗ ಕೊಟ್ಟರೆ, ಬೇಡಿದರೆ ಸಿಗುತ್ತದೆಂಬ ಪಾಠವನ್ನು ನಾವೇ ಹೇಳಿಕೊಟ್ಟಂತಾಯಿತು. ನಾಯಿ ಒಳ್ಳೆಯ ವಿದ್ಯಾರ್ಥಿ. ಅಂತಹ ಪಾಠವನ್ನು ಅದು ಮರೆಯುವುದಿಲ್ಲ.

ಆದರೆ ಎಲ್ಲಕ್ಕಿಂತ ದೊಡ್ಡ ಕಾರಣ ನಾಯಿಯಲ್ಲಿಲ್ಲ, ನಮ್ಮಲ್ಲಿದೆ. ಒಂದು ಸಾಧಾರಣ ಸಂಸಾರದ ಲೆಕ್ಕವನ್ನು ನೋಡೋಣ. 10 ಕಿಲೋಗ್ರಾಂ ತೂಕದ, ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗೆ ದಿನವೊಂದಕ್ಕೆ ಸುಮಾರು 630 ಕ್ಯಾಲೊರಿ ಸಾಕು. ಮನೆಯಲ್ಲೇ ಮಲಗಿರುವ ನಾಯಿಗೆ ಇನ್ನೂ ಕಡಮೆ ಸಾಕಾಗಬಹುದು. ಅಷ್ಟನ್ನೂ ಅದರ ಎರಡು ಹೊತ್ತಿನ ಊಟದಲ್ಲಿಯೇ ಕೊಟ್ಟಿರುತ್ತೇವೆ. ಬೆಳಗ್ಗೆ ಕಾಫಿಯ ಹೊತ್ತಿಗೆ ಮನೆಯ ಯಜಮಾನರು ಎರಡು ಬಿಸ್ಕತ್ತು ಹಾಕುತ್ತಾರೆ. ಬಿಸ್ಕತ್ತು ಒಂದಕ್ಕೆ 25ರಂತೆ 50 ಕ್ಯಾಲೊರಿ. ತಿಂಡಿಯ ಹೊತ್ತಿಗೆ ಗೃಹಿಣಿಯು ಅರ್ಧ ದೋಸೆಗೆ ಒಂದು ಚಮಚ ತುಪ್ಪ ಸವರಿ ಕೊಡುತ್ತಾಳೆ. ಅದು ಸುಮಾರು 110. ಶಾಲೆಯಿಂದ ಬಂದ ಮಗು ಮತ್ತೆರಡು ಬಿಸ್ಕತ್ತು ಕೊಡುತ್ತದೆ, 50. ರಾತ್ರಿ ಅಜ್ಜಿಯು, "ಪಾಪ, ಮೂಕಪ್ರಾಣಿ, ಬರಿಯ ಹೊಟ್ಟೆಯಲ್ಲಿ ಮಲಗಬಾರದು" ಎಂದು ಒಂದು ಸೌಟು ಮೊಸರನ್ನ ಹಾಕುತ್ತಾರೆ, ಸುಮಾರು 100. ಕೂಡಿಸಿದರೆ 310. ಯಾರೂ ಹೆಚ್ಚು ಕೊಡಲಿಲ್ಲ. ಒಬ್ಬೊಬ್ಬರೂ ಚೂರು ಚೂರೇ ಕೊಟ್ಟರು. ಆದರೆ ನಾಯಿಯು ಒಂದು ದಿನದಲ್ಲಿ ಒಂದೂವರೆ ದಿನದ ಊಟವನ್ನು ಉಂಡಿತು. ನಮಗೆ ಸಣ್ಣದಾಗಿ ಕಾಣುವ ಆ ಒಂದು ಬಿಸ್ಕತ್ತು, ಅದರ ಮೈಯ ಅಳತೆಗೆ, ನಾವು ಮೂರು ಬಿಸ್ಕತ್ತು ತಿಂದುದಕ್ಕೆ ಸಮ.

"ಅದಕ್ಕೇನು, ಸಂಜೆ ತಿರುಗಾಡಿಸಿಕೊಂಡು ಬರುತ್ತೇವಲ್ಲ" ಎನ್ನಬಹುದು. ತಿರುಗಾಟ ಅವಶ್ಯವೇ ಸರಿ. ಅದರಿಂದ ಮಾಂಸಖಂಡಗಳು ಬಲವಾಗುತ್ತವೆ, ನಾಯಿಯ ಮನಸ್ಸು ಉಲ್ಲಾಸವಾಗಿರುತ್ತದೆ, ಒಡೆಯನ ಆರೋಗ್ಯಕ್ಕೂ ಒಳ್ಳೆಯದು. ಆದರೆ 10 ಕಿಲೋಗ್ರಾಂ ನಾಯಿ ಒಂದು ಕಿಲೋಮೀಟರು ನಡೆದರೆ ಸ್ಥೂಲವಾಗಿ ಹತ್ತು ಕ್ಯಾಲೊರಿ ಮಾತ್ರ ವೆಚ್ಚವಾಗುತ್ತದೆ. ಒಂದು ಬಿಸ್ಕತ್ತನ್ನು ತೀರಿಸಲು ಎರಡು ಕಿಲೋಮೀಟರಿಗೂ ಹೆಚ್ಚು ನಡೆಯಬೇಕಾಯಿತು. ಆದ್ದರಿಂದ ತೂಕದ ವಿಷಯವನ್ನು ಬೀದಿಯಲ್ಲಿ ಸರಿಪಡಿಸುವುದು ಕಷ್ಟ, ಅಡುಗೆಮನೆಯಲ್ಲಿಯೇ ಸರಿಪಡಿಸಬೇಕು.

ನಮ್ಮ ನಾಯಿ ದಪ್ಪವೋ ಸರಿಯೋ ಎಂದು ತಿಳಿಯುವುದು ಹೇಗೆ? ಇದಕ್ಕೆ ಯಂತ್ರಗಳು ಬೇಡ. ಎರಡು ಕಣ್ಣು, ಒಂದು ಕೈ ಸಾಕು. ಮೊದಲು ನಾಯಿಯನ್ನು ಮೇಲಿನಿಂದ ನೋಡಬೇಕು. ಪಕ್ಕೆಲುಬುಗಳ ಹಿಂದೆ ಸೊಂಟವು ಒಳಕ್ಕೆ ಸರಿದಿರಬೇಕು. ಮೈ ಪೀಪಾಯಿಯಂತೆ ಒಂದೇ ಸಮನಾಗಿದ್ದರೆ ತೂಕ ಹೆಚ್ಚಾಗಿದೆ. ಅನಂತರ ಪಕ್ಕದಿಂದ ನೋಡಬೇಕು. ಎದೆಗಿಂತ ಹೊಟ್ಟೆ ಮೇಲಕ್ಕೆ ಏರಿರಬೇಕು, ಜೋತುಬಿದ್ದಿರಬಾರದು. ಮೂರನೆಯದಾಗಿ, ಪಕ್ಕೆಗಳ ಮೇಲೆ ಕೈಯಾಡಿಸಬೇಕು. ಇದಕ್ಕೊಂದು ಸುಲಭವಾದ ಹೋಲಿಕೆಯುಂಟು. ನಮ್ಮ ಅಂಗೈಯನ್ನು ಮೇಜಿನ ಮೇಲೆ ಚಾಚಿಟ್ಟು, ಬೆರಳುಗಳ ಬುಡದ ಮೇಲುಭಾಗವನ್ನು ಇನ್ನೊಂದು ಕೈಯಿಂದ ಸವರಿದರೆ, ತೆಳುವಾದ ಚರ್ಮದ ಕೆಳಗೆ ಮೂಳೆ ಸಲೀಸಾಗಿ ತಾಕುತ್ತದೆ. ನಾಯಿಯ ಪಕ್ಕೆ ಹಾಗೆ ತಾಕಿದರೆ ಸರಿ. ಮುಷ್ಟಿ ಕಟ್ಟಿದಾಗ ಗಿಣ್ಣುಗಳು ಎದ್ದು ತಾಕುವಂತೆ ತಾಕಿದರೆ ನಾಯಿ ಬಡಕಲು. ಅಂಗೈಯ ಮೆತ್ತನೆಯ ಭಾಗವನ್ನು ಒತ್ತಿದಂತೆ ತೋರಿದರೆ ಕೊಬ್ಬು ಹೆಚ್ಚು. ಪಶುವೈದ್ಯರು ಇದನ್ನೇ ಒಂದರಿಂದ ಒಂಬತ್ತರವರೆಗಿನ ಅಂಕಗಳಲ್ಲಿ ಗುರುತಿಸುತ್ತಾರೆ. ಇದು 1997ರಲ್ಲಿ ಪ್ರಕಟವಾದ ಒಂದು ಕ್ರಮ. ಇದರಲ್ಲಿ ನಾಲ್ಕು ಅಥವಾ ಐದು ಬಂದರೆ ಉತ್ತಮ. ಇಲ್ಲಿ ಹೆಚ್ಚು ಅಂಕ ಪಡೆದ ವಿದ್ಯಾರ್ಥಿ ಜಾಣನಲ್ಲ!

ಜಾತಿಭೇದವನ್ನೂ ಗಮನದಲ್ಲಿಡಬೇಕು. ನಮ್ಮ ನಾಡಿನದೇ ಆದ ಮುಧೋಳದ ನಾಯಿಯನ್ನು ನೋಡಿರಿ. ಉದ್ದ ಕಾಲು, ಆಳವಾದ ಎದೆ, ಒಳಕ್ಕೆ ಸೆಳೆದ ಹೊಟ್ಟೆ. ಇದು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ಜಾತಿ. 2005ರಲ್ಲಿ ಭಾರತದ ಅಂಚೆ ಇಲಾಖೆಯವರು ಅದರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿದರು. ಅದರ ಪಕ್ಕೆಲುಬು ಸ್ವಲ್ಪ ಕಂಡರೆ, "ಅಯ್ಯೊ, ಊಟ ಹಾಕುವುದಿಲ್ಲವೆ?" ಎಂದು ನೆರೆಯವರು ಕೇಳುತ್ತಾರೆ. ಅದರ ಸೌಂದರ್ಯವೂ ಆರೋಗ್ಯವೂ ಆ ತೆಳುವಿನಲ್ಲಿಯೇ ಇವೆ. ಅದನ್ನು ಲ್ಯಾಬ್ರಡಾರ್‌ನಂತೆ ತುಂಬಿಸಲು ಹೋಗುವುದು ಕುದುರೆಯನ್ನು ಎಮ್ಮೆಯಾಗಿ ಮಾಡಲು ಹೊರಟಂತೆ.

ಇನ್ನು ಅನುಷ್ಠಾನದ ಮಾತು. ಮೊದಲನೆಯದಾಗಿ, ಅಳೆದು ಹಾಕಬೇಕು. ಬಟ್ಟಲಿನ ಅಳತೆ ಕೈಯಿಂದ ಕೈಗೆ ಬದಲಾಗುತ್ತದೆ. ಆದ್ದರಿಂದ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕುವುದೇ ಮೇಲು. ದಿನಕ್ಕೆ ಎರಡು ಹೊತ್ತು, ಗೊತ್ತಾದ ವೇಳೆಗೆ ಹಾಕಿ, ತಟ್ಟೆಯನ್ನು ಎತ್ತಿಬಿಡಬೇಕು. ಎರಡನೆಯದಾಗಿ, ಬಾಯಿರುಚಿಯ ತಿನಿಸುಗಳೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು. ಅಷ್ಟನ್ನು ಊಟದಲ್ಲಿ ಕಳೆಯಬೇಕು. ನಾವು ಹೇಳಿದ 10 ಕಿಲೋಗ್ರಾಂ ನಾಯಿಗೆ ಇದು ಎರಡೂವರೆ ಬಿಸ್ಕತ್ತು. ಇದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ, ಬೆಳಗ್ಗೆಯೇ ದಿನದ ಊಟದಿಂದ ಒಂದು ಹಿಡಿಯನ್ನು ಡಬ್ಬಿಯಲ್ಲಿ ತೆಗೆದಿಡುವುದು. ಮನೆಯವರು ಯಾರು ಏನು ಕೊಡಬೇಕೆಂದರೂ ಆ ಡಬ್ಬಿಯಿಂದಲೇ ಕೊಡಲಿ; ಡಬ್ಬಿ ಬರಿದಾದರೆ ಆ ದಿನದ ದಾನ ಮುಗಿಯಿತು. ಸೌತೆಕಾಯಿ, ಗಜ್ಜರಿ, ಬೇಯಿಸಿದ ಹುರುಳಿಕಾಯಿಗಳ ತುಂಡನ್ನೂ ಅನೇಕ ನಾಯಿಗಳು ಸಂತೋಷದಿಂದ ತಿನ್ನುತ್ತವೆ. ಆದರೆ ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷ. ಸಕ್ಕರೆಗೆ ಬದಲಾಗಿ ಬಳಸುವ ಜೈಲಿಟಾಲ್ ಎಂಬ ವಸ್ತುವೂ ಹಾಗೆಯೇ. ಇವನ್ನು ಚೂರೂ ಕೊಡಬಾರದು.

ಈಗಾಗಲೇ ದಪ್ಪವಾಗಿರುವ ನಾಯಿಯನ್ನು ಇಳಿಸುವಾಗ ಆತುರ ಕೂಡದು. ವಾರಕ್ಕೆ ಮೈತೂಕದ ನೂರಕ್ಕೆ ಒಂದರಿಂದ ಎರಡರಷ್ಟು ಇಳಿದರೆ ಸಾಕು. 12 ಕಿಲೋಗ್ರಾಂ ನಾಯಿಗೆ ಇದು ವಾರಕ್ಕೆ 120ರಿಂದ 240 ಗ್ರಾಂ. ಈ ಲೆಕ್ಕದಲ್ಲಿ ಅದು 10 ಕಿಲೋಗ್ರಾಂಗೆ ಬರಲು ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಎರಡು ವಾರಕ್ಕೊಮ್ಮೆ ತೂಗಿ ಬರೆದಿಡಬೇಕು. ಸಣ್ಣ ನಾಯಿಯಾದರೆ ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಅನಂತರ ನಮ್ಮ ತೂಕವನ್ನು ಕಳೆದರಾಯಿತು. ಮಾಮೂಲಿನ ಆಹಾರವನ್ನೇ ಬಹಳವಾಗಿ ಕತ್ತರಿಸಿದರೆ ಸಸಾರಜನಕ ಮುಂತಾದ ಪೋಷಕಾಂಶಗಳೂ ಕಡಮೆಯಾಗುವುದರಿಂದ, ಪಶುವೈದ್ಯರ ಸಲಹೆಯನ್ನು ಕೇಳಿಯೇ ಪ್ರಾರಂಭಿಸುವುದು ಕ್ಷೇಮ. ಥೈರಾಯಿಡ್ ಗ್ರಂಥಿಯ ದೌರ್ಬಲ್ಯದಿಂದಲೂ ನಾಯಿ ದಪ್ಪವಾಗಬಹುದು. ಹಾಗೆಯೇ, ಊಟ ಕಡಮೆಮಾಡದೆ ಇದ್ದಕ್ಕಿದ್ದಂತೆ ನಾಯಿ ಬಡವಾದರೆ ಅದನ್ನು ಆರೋಗ್ಯವೆಂದು ಭ್ರಮಿಸಬಾರದು. ಜಂತುಹುಳು, ಸಿಹಿಮೂತ್ರ, ಮೂತ್ರಪಿಂಡದ ಬೇನೆ ಮುಂತಾದವು ಹೀಗೆ ತೋರಿಕೊಳ್ಳುತ್ತವೆ. ಬೆಳೆಯುವ ಮರಿಗೂ ಬಸುರಿ ನಾಯಿಗೂ ಈ ಲೆಕ್ಕಗಳು ಅನ್ವಯಿಸುವುದಿಲ್ಲ. ಆದರೆ ದೊಡ್ಡ ಜಾತಿಯ ಮರಿಯನ್ನು ತುರುಕಿ ತುರುಕಿ ಬೇಗ ದಪ್ಪಮಾಡಿದರೆ ಸೊಂಟದ ಕೀಲು ಕೆಡುವ ಸಂಭವ ಹೆಚ್ಚೆಂಬುದನ್ನು ಆಗಲೇ ಹೇಳಿದ 48 ನಾಯಿಗಳ ಪರೀಕ್ಷೆಯೇ ತಿಳಿಸುತ್ತದೆ.

ಇದಕ್ಕೆಲ್ಲ ಎರಡು ಆಕ್ಷೇಪಗಳು ಬರಬಹುದು. ಬೀದಿಯಲ್ಲಿ ಎಷ್ಟೋ ನಾಯಿಗಳು ಎಲುಬು ಬಿಟ್ಟುಕೊಂಡು ಅಲೆಯುತ್ತಿರುವಾಗ ಮನೆನಾಯಿಯ ಬೊಜ್ಜಿನ ಮಾತೇಕೆ ಎಂಬುದು ಒಂದು. ಬೀದಿಯ ನಾಯಿಯ ಹಸಿವು ನಿಜವಾದುದು; ಅದರ ಬಗ್ಗೆ ಕನಿಕರವಿರಲೇಬೇಕು. ಆದರೆ ಮನೆಯ ನಾಯಿಗೆ ಹೆಚ್ಚಾಗಿ ಹಾಕಿದ ತುತ್ತು ಬೀದಿಯ ನಾಯಿಯ ಹೊಟ್ಟೆಯನ್ನು ತುಂಬಿಸಲಿಲ್ಲವಷ್ಟೆ. ಒಂದಕ್ಕೆ ಬೇಡದ್ದು ಇನ್ನೊಂದಕ್ಕೆ ಬೇಕಾಗಿದೆಯೆಂದು ತಿಳಿದು ಹಂಚಿಕೊಟ್ಟರೆ ಎರಡಕ್ಕೂ ಉಪಕಾರವಾದೀತು.

ಎರಡನೆಯ ಆಕ್ಷೇಪ ಇದಕ್ಕಿಂತ ಗಾಢವಾದುದು. ಮಾತನಾಡಲಾರದ ಪ್ರಾಣಿಗೆ ತಿನ್ನುವುದೊಂದೇ ಸುಖ; ಅದನ್ನೂ ಕಿತ್ತುಕೊಳ್ಳುವುದು ನಿರ್ದಯವಲ್ಲವೆ ಎಂದು ಅಜ್ಜಿಯವರು ಕೇಳುತ್ತಾರೆ. ನಮ್ಮ ಸಂಸ್ಕೃತಿಯಲ್ಲಿ ಉಣಿಸುವುದೇ ಪ್ರೀತಿಯ ಭಾಷೆ. ಮನೆಗೆ ಬಂದವರನ್ನು ಇನ್ನೊಂದು ತುತ್ತೆಂದು ಬಲವಂತಪಡಿಸದಿದ್ದರೆ ನಮಗೆ ಸಮಾಧಾನವಿಲ್ಲ. ಆ ಕೈಯನ್ನು ತಡೆಯಿರಿ ಎಂದು ಅಜ್ಜಿಗೆ ಹೇಳುವುದು ಸುಲಭವೂ ಅಲ್ಲ, ಸೊಗಸೂ ಅಲ್ಲ. ಆದರೆ ಅತಿಥಿಯು ಸಾಕಾದಾಗ ಎಲೆಗೆ ಕೈ ಅಡ್ಡ ಹಿಡಿಯಬಲ್ಲನು, ನಾಯಿಯು ಹಿಡಿಯಲಾರದು. ಸಾಕೆಂದು ಹೇಳುವ ಭಾರವನ್ನು ಅದು ನಮ್ಮ ಮೇಲೆ ಬಿಟ್ಟಿದೆ. ಒಪ್ಪೊತ್ತುಂಡವನು ಯೋಗಿ, ಮೂರು ಹೊತ್ತುಂಡವನು ರೋಗಿ ಎಂದು ನಾವು ನಮಗೆ ಹೇಳಿಕೊಳ್ಳುವ ಗಾದೆಯನ್ನು ಅದರ ಪರವಾಗಿಯೂ ನಾವೇ ಪಾಲಿಸಬೇಕು. ತಿನ್ನುವುದೊಂದೇ ಅದಕ್ಕೆ ಸುಖವೆಂಬುದೂ ಪೂರ್ತಿ ನಿಜವಲ್ಲ. ಜೊತೆಯಲ್ಲಿ ನಡೆಯುವುದು, ಚೆಂಡನ್ನು ಎಸೆದು ತರಿಸುವುದು, ಕಿವಿಯ ಹಿಂದೆ ಕೆರೆಯುವುದು, ಹತ್ತಿರ ಕುಳಿತು ಹೆಸರು ಹಿಡಿದು ಮಾತನಾಡಿಸುವುದು ಇವೆಲ್ಲವೂ ಅದಕ್ಕೆ ಸುಖವೇ. ಇವುಗಳಲ್ಲಿ ಕ್ಯಾಲೊರಿಯಿಲ್ಲ. ಬಿಸ್ಕತ್ತು ಕೊಡುವುದಕ್ಕಿಂತ ಇವಕ್ಕೆ ನಮ್ಮ ವೇಳೆ ಹೆಚ್ಚು ಬೇಕು, ಅಷ್ಟೆ. ಹಲವು ಸಲ ನಾವು ಬಿಸ್ಕತ್ತನ್ನು ಕೊಡುವುದು ಆ ವೇಳೆಯನ್ನು ಕೊಡಲಾರದೆ.

ನಾಯಿಯ ಆಯುಷ್ಯವೇ ನಮ್ಮದಕ್ಕೆ ಹೋಲಿಸಿದರೆ ಬಹಳ ಕಿರಿದು. ಮಗುವಿನೊಡನೆ ಮನೆಗೆ ಬಂದ ಮರಿಯು, ಆ ಮಗು ಪ್ರೌಢಶಾಲೆಯನ್ನು ಮುಗಿಸುವುದರೊಳಗೆ ಮುದಿಯಾಗಿ ಬಾಗಿಲಲ್ಲಿ ಮಲಗಿರುತ್ತದೆ. ಅಂತಹ ಹನ್ನೊಂದು ಹನ್ನೆರಡು ವರ್ಷಗಳಲ್ಲಿ ಎರಡು ವರ್ಷವೆಂದರೆ ಸಣ್ಣ ಮಾತಲ್ಲ. ಆ ಎರಡು ವರ್ಷವನ್ನು ಯಾವ ಔಷಧದಿಂದಲೂ ಕೊಂಡುಕೊಳ್ಳುವಂತಿಲ್ಲ. ದಿನವೂ ತಟ್ಟೆಯಿಂದ ಒಂದು ಹಿಡಿ ತೆಗೆದಿಟ್ಟರೆ ಅದು ದೊರೆಯುವ ಸಂಭವವುಂಟು. ಇಂದು ರಾತ್ರಿ ನಾಯಿಗೆ ಊಟ ಹಾಕುವ ಮುನ್ನ, ಅದರ ಪಕ್ಕೆಯ ಮೇಲೆ ಒಮ್ಮೆ ಕೈಯಾಡಿಸಿ ನೋಡಬೇಕೆಂದು ಶ್ರೋತೃಗಳಲ್ಲಿ ಪ್ರಾರ್ಥಿಸಿ, ವಿರಮಿಸುತ್ತೇವೆ.